ಜರ್ಮನ್ ಕಲಿತಿದ್ದೇನೆ, ಬಳ್ಳಾರಿಯಲ್ಲೇ ಕೆಲಸ ಸಿಗುತ್ತಾ?

ಜರ್ಮನ್ ಬಿ1 (ಎ1ರಿಂದ ಸಿ2ವರೆಗಿನ ಆರು ಮಟ್ಟಗಳಲ್ಲಿ ಮೂರನೆಯದು) ಪಾಸಾಗಿದೆ, ಬೆಂಗಳೂರಿಗೆ ಹೋಗುವ ಮನಸ್ಸಿಲ್ಲ ಅಂತೀರಿ. ದಾರಿ ಇದೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ತಿಂಗಳ ಸಂಬಳದ ಕೆಲಸ ಹುಡುಕುತ್ತಾ ಸುಮ್ನೆ ಕೂರಬೇಡಿ.

ಪಾಠ ಹೇಳಿಕೊಡುವುದರಿಂದ ಶುರು ಮಾಡಿ. ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಹಾಗಾಗಿ ಬಳ್ಳಾರಿ, ರಾಯಚೂರಿನ ನರ್ಸಿಂಗ್ ಕಾಲೇಜುಗಳಲ್ಲಿ ವಿಚಾರಿಸಿ. ಎ1 ಹೇಳಿಕೊಡಲು ನಿಮ್ಮ ಮಟ್ಟ ಸಾಕು. ಅದಕ್ಕಿಂತ ಮೇಲೆ ಹೋಗಬೇಕಾದರೆ ಮೊದಲು ನೀವು ಬಿ2 ಮುಗಿಸಿ. ಇದರಲ್ಲಿ ರಾಜಿ ಬೇಡ, ಪರೀಕ್ಷೆ ಶುಲ್ಕ ಕಟ್ಟುವವರು ಆ ಮಕ್ಕಳು ಅಲ್ವಾ? ನಿಮಗೆ ಒಂದು ಅನುಕೂಲವೂ ಇದೆ. ಕನ್ನಡ ಮೀಡಿಯಂ ಮಕ್ಕಳು ಶಾಲೆಯಲ್ಲೇ ವಿಭಕ್ತಿ ಪ್ರತ್ಯಯ ಕಲಿತಿರುತ್ತಾರೆ. ಜರ್ಮನ್‌ನ ನಾಲ್ಕು ವಿಭಕ್ತಿಗಳನ್ನು ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಹೇಳದೆ, ನೇರವಾಗಿ ಕನ್ನಡದಲ್ಲೇ ವಿವರಿಸಿ. ಬೇಗ ತಲೆಗೆ ಹತ್ತುತ್ತದೆ. ಆನ್‌ಲೈನ್ ಕ್ಲಾಸ್ ಆದರೆ ಊರಿನ ಮಿತಿಯೂ ಇಲ್ಲ.

ಹಂಪಿ, ಆನೆಗುಂದಿ ಕಡೆ ಚಳಿಗಾಲದಲ್ಲಿ ವಿದೇಶಿಯರು ಜಾಸ್ತಿ. ಗೈಡ್ ಆಗಲು ಪ್ರವಾಸೋದ್ಯಮ ಇಲಾಖೆಯ ತರಬೇತಿ, ಗುರುತಿನ ಚೀಟಿ ಮಾಡಿಸಿಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ಕೈ ಖಾಲಿ, ನಮ್ಮ ಬಿಸಿಲು ಗೊತ್ತಲ್ಲ!

ಅನುವಾದಕ್ಕೆ ಬಿ1 ಸಾಲದು. ಕನಿಷ್ಠ ಸಿ1 ಆದಮೇಲೆ ಯೋಚಿಸಿ.

ಇನ್ನೊಂದು ಭಾಷೆ ಕಲಿಯುವ ಆಸೆಯಿದ್ದರೆ ಜಪಾನೀಸ್ ನೋಡಿ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂಗೆ ಜಪಾನಿನ ಜೆಎಫ್‌ಇ ಸ್ಟೀಲ್ ಪಾಲುದಾರ. ಜೆಎಲ್‌ಪಿಟಿ ಎಂಬ ಜಪಾನೀಸ್ ಭಾಷಾ ಪರೀಕ್ಷೆ ಜುಲೈ, ಡಿಸೆಂಬರ್‌ನಲ್ಲಿ ನಡೆಯುತ್ತದೆ. ಅಂಥ ಕಾರ್ಖಾನೆಗಳಲ್ಲಿ ಬರೀ ಭಾಷೆ ಬಂದರೆ ಸಾಲದು, ಡಿಪ್ಲೊಮಾನೋ ಬಿಇನೋ ಜೊತೆಗಿದ್ದರೆ ಕೇಳುವವರು ಇರುತ್ತಾರೆ.