ಬಲಿಪೀಠ ಮರದ್ದಾದರೇನು, ಕಲ್ಲಿನದಾದರೇನು: ವಿರಾಜಪೇಟೆ ಕಡೆಯ ಓದುಗರಿಗೆ ಉತ್ತರ

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಮಳೆ ಹಿಡಿಯುವ ಮೊದಲು ನಿಮ್ಮ ಚರ್ಚಿನ ದುರಸ್ತಿ ಮುಗಿಸಲು ಸಮಿತಿ ತೀರ್ಮಾನಿಸಿದೆ ಎಂದೂ, ಗುರುಗಳು ಪೂಜೆ ಅರ್ಪಿಸುವ ಬೀಟೆ ಮರದ ಹಳೆಯ ಬಲಿಪೀಠದ ಜಾಗಕ್ಕೆ ಗ್ರಾನೈಟಿನದನ್ನು ತರುವ, ಪವಿತ್ರ ರೊಟ್ಟಿಯನ್ನು ಕಾದಿರಿಸುವ ಪರಮಪ್ರಸಾದದ ಪೆಟ್ಟಿಗೆಯ ಮುಂದಿನ ಎಣ್ಣೆದೀಪದ ಬದಲು ಕೆಂಪು ಬಲ್ಬು ಹಾಕುವ, ಬಾಗಿಲ ಬಳಿಯ ಜ್ಞಾನಸ್ನಾನದ ತೊಟ್ಟಿಯನ್ನು ಉಗ್ರಾಣಕ್ಕೆ ಸಾಗಿಸುವ ಮಾತು ನಡೆದಿದೆ ಎಂದೂ ಬರೆದಿದ್ದೀರಿ. "ದೇವರು ಮನಸ್ಸಿನಲ್ಲಿರುವಾಗ ಮೇಜು ಯಾವುದಾದರೇನು?" ಎಂದು ಯುವಕರೊಬ್ಬರು ಸಭೆಯಲ್ಲಿ ಕೇಳಿದ್ದಕ್ಕೆ ಯಾರಿಗೂ ಉತ್ತರ ಹೊಳೆಯಲಿಲ್ಲವಂತೆ. ಮರ ದಾನ ಕೊಟ್ಟಿದ್ದ ಮನೆತನದವರು ಹಳೆಯ ಬಲಿಪೀಠವನ್ನು ಊಟದ ಮೇಜಿಗಾಗಿ ಕೇಳುತ್ತಿದ್ದಾರೆ, ಕೊಡಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ಆ ಯುವಕರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಉಡಾಫೆಯ ಪ್ರಶ್ನೆಯಲ್ಲ. ಬೈಬಲಿನ ವಿಮೋಚನಕಾಂಡದ 25ನೇ ಅಧ್ಯಾಯವನ್ನು ತೆರೆದು ನೋಡಿ. ತನ್ನ ಜನರ ನಡುವೆ ವಾಸಿಸಲು ಒಂದು ನಿವಾಸ ಬೇಕೆಂದು ದೇವರು ಮೋಶೆಗೆ ಹೇಳಿದಾಗ, ಗೋಡೆಯ ಅಳತೆಯನ್ನಾಗಲಿ ಚಾವಣಿಯ ಅಳತೆಯನ್ನಾಗಲಿ ಮೊದಲು ಕೊಡುವುದಿಲ್ಲ. ಮೊದಲು ಬರುವುದು ದೇವರ ಆಜ್ಞಾಶಾಸನವನ್ನಿಡುವ ಜಾಲೀಮರದ ಪೆಟ್ಟಿಗೆ, ಎಂದರೆ ಮಂಜೂಷ, ಆಮೇಲೆ ರೊಟ್ಟಿಯನ್ನಿಡುವ ಮೇಜು, ಆಮೇಲೆ ಏಳು ದೀಪಗಳ ದೀಪಸ್ತಂಭ. ಗುಡಾರದ ಮಾತು ಬರುವುದು ಮುಂದಿನ ಅಧ್ಯಾಯದಲ್ಲಿ. ಎಂದರೆ, ಕಟ್ಟಡ ಕಟ್ಟಿ ಮುಗಿಸಿ ಒಳಗೆ ಸಾಮಾನು ಜೋಡಿಸುವ ಕ್ರಮ ಅಲ್ಲಿಲ್ಲ. ಈ ವಸ್ತುಗಳ ಸುತ್ತ ಕಟ್ಟಡ ಎದ್ದು ನಿಲ್ಲುತ್ತದೆ. ಮಂಜೂಷದ ಬಳೆಗಳಲ್ಲಿ ಸೇರಿಸಿದ ಹೊರುಗಂಬಗಳನ್ನು ಎಂದಿಗೂ ಹೊರತೆಗೆಯಬಾರದೆಂಬ ಆಜ್ಞೆಯೂ ಅದೇ ಅಧ್ಯಾಯದಲ್ಲಿದೆ. ಜನ ಹೊರಟ ಕಡೆಗೆಲ್ಲ ದೇವರೂ ಹೊರಡುತ್ತಾನೆ ಎಂಬುದನ್ನು ಆ ಎರಡು ಗಂಬಗಳು ಮಾತಿಲ್ಲದೆ ಹೇಳುತ್ತಿದ್ದವು. ಟಿಪ್ಪುವಿನ ಸೀಮೆಯಿಂದ ತಪ್ಪಿಸಿಕೊಂಡು ಬಂದು, 1792ರಲ್ಲಿ ದೊಡ್ಡ ವೀರರಾಜೇಂದ್ರ ಒಡೆಯರ ಆಶ್ರಯದಲ್ಲಿ ವಿರಾಜಪೇಟೆಯಲ್ಲಿ ನೆಲೆ ನಿಂತ ಕೊಂಕಣಿ ಕ್ಯಾಥೊಲಿಕರ ಸಂತತಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ದೇವರು ಮನಸ್ಸಿನಲ್ಲಿದ್ದಾನೆ ಎಂಬುದು ನಿಜ. ಆದರೆ ಮನಸ್ಸು ದೇಹವಿಲ್ಲದೆ ಪ್ರಾರ್ಥಿಸುವುದಿಲ್ಲ. ವಾಕ್ಯವೇ ಮನುಷ್ಯನಾಯಿತು ಎಂದು ನಂಬುವವರು ಕಣ್ಣಿಗೆ ಕಾಣುವ, ಕೈಗೆ ತಾಗುವ ವಸ್ತುವನ್ನು ಹಗುರವಾಗಿ ಕಾಣಲಾರರು.

ಇನ್ನು ಬಲಿಪೀಠ. ಧರ್ಮಸಭೆಗೆ, ಎಂದರೆ ಕ್ಯಾಥೊಲಿಕ್ ಚರ್ಚಿಗೆ, ಅದು ಕ್ರಿಸ್ತನ ಗುರುತು, ಹಾಗಾಗಿಯೇ ಗುರುಗಳು ಪೂಜೆಯ ಆರಂಭದಲ್ಲಿ ಅದನ್ನು ಚುಂಬಿಸುತ್ತಾರೆ. ಹೊಸ ಬಲಿಪೀಠವನ್ನು ಪ್ರತಿಷ್ಠಾಪಿಸುವಾಗ ಧರ್ಮಾಧ್ಯಕ್ಷರು (ಬಿಷಪ್) ಅದರ ಮೇಲೆ ಅಭಿಷೇಕ ತೈಲವನ್ನು ಸುರಿದು ಸವರುತ್ತಾರೆ, ಅದರ ಮೇಲೆಯೇ ಧೂಪ ಉರಿಸುತ್ತಾರೆ, ಬಳಿಕ ಬಿಳಿ ವಸ್ತ್ರ ಹೊದಿಸಿ ದೀಪ ಹಚ್ಚುತ್ತಾರೆ. ಜ್ಞಾನಸ್ನಾನ ಪಡೆದವನಿಗೆ ತೈಲ, ಬಿಳಿ ಉಡುಪು, ದೀಪ ದೊರೆಯುವುದನ್ನು ನೆನೆದರೆ ಈ ವಿಧಿಯ ಹೊಳಹು ತಾನಾಗಿ ಸಿಗುತ್ತದೆ. ಪವಿತ್ರ ಗುರುವಾರದ ರಾತ್ರಿ ಅದರ ಮೇಲಿನ ವಸ್ತ್ರಗಳನ್ನೆಲ್ಲ ತೆಗೆದು ಬರಿದಾಗಿಸುವುದನ್ನು ನೀವೂ ಕಂಡಿದ್ದೀರಿ. ಆ ಬರಿ ಹಲಗೆಯ ಮುಂದೆ ನಿಂತಾಗ ಅದು ಬರೀ ಮೇಜು ಎಂದು ಯಾರಿಗೂ ಅನ್ನಿಸಿರಲಾರದು.

ನಿರ್ಧಾರಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗುರುಗಳ ಅನುಮತಿ ಪಡೆದು, ಹಳೆಯ ಬಲಿಪೀಠದ ವಸ್ತ್ರಗಳನ್ನು ಸರಿಸಿ ಮೇಲ್ಭಾಗವನ್ನು ಬೆರಳಿನಿಂದ ಸವರಿ ನೋಡಿ. ಎರಡನೆಯ ವ್ಯಾಟಿಕನ್ ಮಹಾಸಭೆಗೆ (1962–65) ಹಿಂದಿನ ಮರದ ಬಲಿಪೀಠಗಳಲ್ಲಿ ನಡುವೆ ಒಂದು ಚೌಕ ಕಲ್ಲನ್ನು ಕೂರಿಸುವ ರೂಢಿಯಿತ್ತು. ನಾಲ್ಕು ಮೂಲೆಗೊಂದು, ನಡುವೊಂದು ಹೀಗೆ ಐದು ಪುಟ್ಟ ಶಿಲುಬೆಗಳನ್ನು ಅದರ ಮೇಲೆ ಕೊರೆದಿರುತ್ತಾರೆ, ಕ್ರಿಸ್ತನ ಐದು ಗಾಯಗಳ ನೆನಪಿಗೆ. ಅದೇ ಕಲ್ಲಿನ ಪುಟ್ಟ ಗುಳಿಯಲ್ಲಿ ಸಂತರ ಅವಶೇಷವನ್ನಿಟ್ಟು ಮುಚ್ಚಿರುತ್ತಾರೆ. ಅಂಥ ಕಲ್ಲು ಸಿಕ್ಕಿದರೆ, ಸಮಿತಿ ಗ್ರಾನೈಟಿನಲ್ಲಿ ಹುಡುಕುತ್ತಿರುವುದು ಆ ಮರದ ಮಡಿಲಲ್ಲೇ ಇದೆ ಎಂದಾಯಿತು. ಕಲ್ಲು ಸಿಗದಿದ್ದರೂ ಹೆದರಬೇಕಿಲ್ಲ. ಸ್ಥಿರ ಬಲಿಪೀಠದ ಮೇಲ್ಭಾಗ ಒಂದೇ ನೈಸರ್ಗಿಕ ಶಿಲೆಯದ್ದಾಗಿರಬೇಕು ಎಂಬುದು ಧರ್ಮಸಭೆಯ ಕಾನೂನಿನ ಸಾಮಾನ್ಯ ನಿಯಮವಾದರೂ, ಧರ್ಮಾಧ್ಯಕ್ಷರ ಮಂಡಳಿಯ ತೀರ್ಮಾನದಂತೆ ಯೋಗ್ಯವೂ ಗಟ್ಟಿಯೂ ಆದ ಬೇರೆ ವಸ್ತುವಿಗೂ ಅವಕಾಶವಿದೆ. ಸ್ಥಿರವಲ್ಲದ ಬಲಿಪೀಠವಂತೂ ಮರದ್ದೇ ಆಗಿರಬಹುದು. ಹುಳು ಹೊಡೆಯದೆ, ಅಲುಗದೆ ನಿಂತಿರುವ ಬೀಟೆಯನ್ನು ಹೊಳಪಿನ ಆಸೆಗೆ ಎಬ್ಬಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತೆಗೆಯಲೇಬೇಕಾದದ್ದು ಅದರ ಮೇಲೆ ಪೇರಿಸಿಟ್ಟ ಪ್ಲಾಸ್ಟಿಕ್ ಹೂವುಗಳನ್ನು. ಹೂವು ಬಲಿಪೀಠದ ಸುತ್ತ ಇರಲಿ, ಮೇಲೆ ಬೇಡ ಎಂದು ರೋಮನ್ ಪೂಜಾಗ್ರಂಥದ ನಿರ್ದೇಶನವೇ ಹೇಳುತ್ತದೆ.

ದೀಪದ ವಿಷಯದಲ್ಲೂ ಅದೇ ನಿರ್ದೇಶನ ಸ್ಪಷ್ಟವಾಗಿದೆ: ಎಣ್ಣೆ ಅಥವಾ ಮೇಣದಿಂದ ಉರಿಯುವ ದೀಪ ಪರಮಪ್ರಸಾದದ ಪೆಟ್ಟಿಗೆಯ ಬಳಿ ಸದಾ ಬೆಳಗುತ್ತಿರಬೇಕು. ಐನ್‌ಮನೆಯ, ಎಂದರೆ ಮನೆತನದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ತೂಗುದೀಪ ಕಂಡು ಬೆಳೆದ ಕೊಡಗಿನವರಿಗೆ, ದೀಪಕ್ಕೂ ಬೆಳಕಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ದೀಪ ಗುರುಕಾರಣರ, ಎಂದರೆ ಗತಿಸಿದ ಹಿರಿಯರ, ಸ್ಮರಣೆಗೆ, ಇಲ್ಲಿನದು ಕ್ರಿಸ್ತನ ಸಾನ್ನಿಧ್ಯವನ್ನು ಸೂಚಿಸಿ ಗೌರವಿಸುವುದಕ್ಕೆ; ಉದ್ದೇಶ ಬೇರೆ. ಆದರೆ ಎರಡನ್ನೂ ಒಬ್ಬರು ನೆನಪಿಟ್ಟು ಬಂದು ಎಣ್ಣೆ ಹಾಕಿ ಕಾಯಬೇಕು. ಉರಿಯುತ್ತ ತನ್ನನ್ನು ತಾನೇ ಸವೆಸಿಕೊಳ್ಳುವ ದೀಪ ಅರ್ಪಣೆಯನ್ನು ತೋರಿಸುತ್ತದೆ, ಬಲ್ಬು ಅದನ್ನು ತೋರಿಸಲಾರದು. ಅಲ್ಲದೆ ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂಬುದು ನಿಮ್ಮ ಸಮಿತಿಗೂ ಗೊತ್ತಿದೆ.

ತೊಟ್ಟಿಯನ್ನು ಉಗ್ರಾಣಕ್ಕೆ ಕಳಿಸುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದ ಸಂಗತಿ. ಜ್ಞಾನಸ್ನಾನದಿಂದಲೇ ಮನುಷ್ಯ ಧರ್ಮಸಭೆಯೊಳಗೆ ಕಾಲಿಡುತ್ತಾನೆ ಎಂದೇ ಅದನ್ನು ಬಾಗಿಲ ಬಳಿ ಇಟ್ಟರು. ನಿಮ್ಮ ತೊಟ್ಟಿಗೆ ಎಂಟು ಮೂಲೆಗಳಿವೆ ಎಂದು ಬರೆದಿದ್ದೀರಿ. ಏಳು ದಿನಗಳ ಸೃಷ್ಟಿಯನ್ನು ದಾಟಿದ ಎಂಟನೆಯ ದಿನ, ಎಂದರೆ ಪುನರುತ್ಥಾನದ ಭಾನುವಾರ, ಆ ಮೂಲೆಗಳಲ್ಲಿ ಅಡಗಿದೆ; ನಾಲ್ಕನೆಯ ಶತಮಾನದ ಮಿಲಾನಿನಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಕಾಲದ ಸ್ನಾನಮಂಟಪವೂ ಅಷ್ಟಕೋನದ್ದೇ. ಪಾಸ್ಕಕಾಲ (ಈಸ್ಟರ್ ಕಾಲ) ಮುಗಿದ ಮೇಲೆ ಪಾಸ್ಕದ ದೊಡ್ಡ ಮೇಣದ ಬತ್ತಿಯನ್ನು ಅದರ ಪಕ್ಕದಲ್ಲೇ ನಿಲ್ಲಿಸಿ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಧರ್ಮೋಪದೇಶದ ಪಾಠ ಸಿಗದು.

ಪ್ರೊಟೆಸ್ಟಂಟ್ ಓದುಗರೂ ಈ ಪುಟವನ್ನು ಓದುತ್ತಾರೆ. ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ತಂದ ಬಾಸೆಲ್ ಮಿಷನ್ ಪರಂಪರೆಯಲ್ಲಿ ವಾಕ್ಯಬೋಧನೆಯ ಪೀಠಕ್ಕೆ ಮಹತ್ವ ಹೆಚ್ಚು, ಅಲ್ಲಿ ಇರುವುದು ಬಲಿಪೀಠವಲ್ಲ, ಪ್ರಭುಭೋಜನದ ಮೇಜು. ಎಜ್ರನು ಮರದ ಪೀಠದ ಮೇಲೆ ನಿಂತು ಧರ್ಮಶಾಸ್ತ್ರವನ್ನು ಓದಿದ ನೆಹೆಮೀಯನ ಗ್ರಂಥದ ದೃಶ್ಯ ಎರಡೂ ಪರಂಪರೆಗಳಿಗೆ ಸೇರಿದ್ದು.

ಕೊನೆಯದಾಗಿ, ಊಟದ ಮೇಜು. ಕೊಡಬೇಡಿ. ಆರಾಧನೆಗೆಂದು ಪ್ರತಿಷ್ಠೆಯಾದ ಅಥವಾ ಆಶೀರ್ವಾದ ಪಡೆದ ವಸ್ತು ಖಾಸಗಿಯವರ ಕೈಯಲ್ಲಿದ್ದರೂ ಅದನ್ನು ಲೌಕಿಕ ಬಳಕೆಗೆ ಒಡ್ಡಬಾರದು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1171ನೇ ವಿಧಿ. ಚರ್ಚೇ ಲೌಕಿಕ ಬಳಕೆಗೆ ಹೋದರೂ ಅದರೊಳಗಿನ ಬಲಿಪೀಠದ ಪ್ರತಿಷ್ಠೆ ಅಳಿಯುವುದಿಲ್ಲ ಎನ್ನುತ್ತದೆ 1238ನೇ ವಿಧಿ. ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕರ ಆಂಗ್ಲಿಕನ್ ಚರ್ಚ್ ಇಂದು ಸರ್ಕಾರಿ ವಸ್ತುಸಂಗ್ರಹಾಲಯ. ಕಟ್ಟಡದ ಗತಿ ಹಾಗಾಗಬಹುದು, ಬಲಿಪೀಠದ್ದು ಹಾಗಾಗಬಾರದು ಎಂಬುದೇ ಆ ವಿಧಿಯ ಕಾಳಜಿ. ಹಳೆಯದನ್ನು ತೆಗೆಯುವುದೇ ಖಚಿತವಾದರೆ ಪಕ್ಕದ ಪ್ರಾರ್ಥನಾಲಯಕ್ಕೋ, ಎಸ್ಟೇಟ್ ಲೈನಿನ ಸಣ್ಣ ಗುಡಿಗೋ ಬಲಿಪೀಠವಾಗಿಯೇ ಕೊಡಬಹುದೇ ಎಂದು ಮೈಸೂರು ಧರ್ಮಾಧ್ಯಕ್ಷರ ಕಚೇರಿಗೆ ನಿಮ್ಮ ಗುರುಗಳ ಮೂಲಕ ಬರೆದು ಕೇಳಿ. ದಾನಿಗಳ ಮನೆಯವರನ್ನೂ ಆ ದಿನದ ಪೂಜೆಗೆ ಕರೆಯಿರಿ. ಅವರ ಹಿರಿಯರು ಮರ ಕೊಟ್ಟದ್ದು ಯಾತಕ್ಕೆಂದು ಅವರಿಗೆ ಅಲ್ಲೇ ತಿಳಿಸಿ ಹೇಳಬಹುದು.

ಸಂಪಾದಕರು