ಪ್ರತಿಕ್ರಿಯೆ: ಹಳೇ ಮನೆ ತಗೊಳ್ಳುವ ಮುಂಚೆ ಒಳಚರಂಡಿ ಪೈಪ್ ನೋಡಿಸಬೇಕಾ?

ಬಳ್ಳಾರಿ ಕೌಲ್ ಬಜಾರ್ ಕಡೆ 25 ವರ್ಷದ ಮನೆ ನೋಡಿದ್ದೀನಿ, ಪೈಪ್ ಒಳಗೆ ಕ್ಯಾಮೆರಾ ಬಿಡಿಸುವುದು ಸುಮ್ನೆ ದಂಡ ಅಲ್ವಾ ಅಂತ ಕೇಳಿದ್ದೀರಿ. ದಂಡ ಅಲ್ಲ ಸರ್. ಆದರೆ ಮೊದಲು ಪುಕ್ಕಟೆ ಕೆಲಸ ಮುಗಿಸಿ.

ಚೇಂಬರ್, ಅಂದರೆ ಪೈಪ್ ಸೇರುವ ಕಡೆ ಕಟ್ಟಿದ ತೊಟ್ಟಿಗಳ ಮುಚ್ಚಳ ಎಲ್ಲ ತೆಗೆಸಿ. ಒಳಗೋಡೆಗೆ ಅರ್ಧದವರೆಗೆ ಕೊಳಚೆ ಗುರುತು ಇದ್ದರೆ ಅಲ್ಲಿ ಆಗಾಗ ನೀರು ಕಟ್ಟಿಕೊಂಡಿದೆ ಅಂತಲೇ ಅರ್ಥ. ಆಮೇಲೆ ಎಲ್ಲ ನಲ್ಲಿ ಬಿಟ್ಟು, ಫ್ಲಶ್ ಮಾಡಿ, ಬಚ್ಚಲಿಗೆ ನಾಲ್ಕೈದು ಬಕೆಟ್ ನೀರು ಒಟ್ಟಿಗೆ ಸುರಿಸಿ, ನೀವು ಕೊನೇ ಚೇಂಬರ್ ಹತ್ತಿರ ನಿಂತು ನೋಡಿ. ಸರಸರ ಬರಬೇಕು. ತಡವರಿಸಿದರೆ, ಗುಳುಗುಳು ಅಂದರೆ ಆಗ ಕ್ಯಾಮೆರಾ ಬಿಡಿಸಿ.

ನಮ್ಮ ಕಡೆ ಎರೆಮಣ್ಣಿನದೇ ದೊಡ್ಡ ತಲೆನೋವು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಆ ಎಳೆದಾಟಕ್ಕೆ ಪೈಪಿನ ಜಾಯಿಂಟ್ ಬಿಡುತ್ತವೆ, ಹಳೇ ಸುಟ್ಟಮಣ್ಣಿನ ಪೈಪ್ ಆದರಂತೂ ತುಂಡು ಚಿಕ್ಕವು, ಜಾಯಿಂಟ್ ಜಾಸ್ತಿ, ಆ ಸಂದಿಗೆ ಅಂಗಳದ ಬೇವಿನ ಬೇರು ನುಗ್ಗುತ್ತದೆ. ನಾನು ನೋಡದೆ ತಗೊಂಡವನು. ಎರಡನೇ ಮಳೆಗಾಲಕ್ಕೆ ಸಂಪಿನ ನೀರು ನಾರಿತು. ಅಗೆಸಿದರೆ, ಒಡೆದ ಪೈಪ್ ಸಂಪಿನಿಂದ ಮೂರಡಿ ಕೂಡ ದೂರ ಇರಲಿಲ್ಲ! ಹಾಗಾಗಿ ಸಂಪು ಎಲ್ಲಿದೆ, ಪೈಪ್ ಎಲ್ಲಿ ಹೋಗಿದೆ ಅಂತ ಕೇಳಿ. ಅಂಗಳದಲ್ಲಿ ಒಂದು ಕಡೆ ಮಾತ್ರ ಹೊಸ ಸಿಮೆಂಟ್ ಬಳಿದಿದ್ದರೆ ಅದನ್ನೂ ಬಿಡದೆ ಕೇಳಿ.

ಯುಜಿಡಿ (ಊರಿನ ಒಳಚರಂಡಿ) ಕನೆಕ್ಷನ್ ಇದೆ ಅಂದರೆ ಪಾಲಿಕೆ ರಸೀದಿ ತೋರಿಸಲಿ. ಅದಿಲ್ಲದೆ ಕಕ್ಕಸು ಗುಂಡಿ ಇದ್ದರೆ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿ. ಯಾರನ್ನೂ ಒಳಗೆ ಇಳಿಸಬೇಡಿ, ಗ್ಯಾಸ್‌ಗೆ ಜೀವ ಹೋಗುತ್ತೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ. ಇಷ್ಟೂ ಆಗುವವರೆಗೆ ಅಡ್ವಾನ್ಸ್ ಕೊಡಬೇಡಿ.