ಮೋಟಾರ್‌ಹೋಮ್‌ನ ಎತ್ತುವ ಮಂಚ ಅರ್ಧಕ್ಕೇ ಸಿಕ್ಕಿಕೊಂಡಿದೆ. ಪ್ಲೈವುಡ್ ಒಡೆಯದೆ ಬಿಡಿಸುವುದು ಹೇಗೆ?

ನಮಸ್ಕಾರ. ನೀವು ಬರೆದದ್ದು ಇಷ್ಟು: ಇಂಗ್ಲೆಂಡಿನಲ್ಲಿ ಸೆಕೆಂಡ್ ಹ್ಯಾಂಡ್ ಮೋಟಾರ್‌ಹೋಮ್, ಅಂದರೆ ಒಳಗೇ ಮನೆಯಂತೆ ಇರಬಹುದಾದ ಗಾಡಿ, ಕೊಂಡಿದ್ದೀರಿ. ಹಿಂದಿನ ಮಂಚ ಎತ್ತಿದರೆ ಕೆಳಗೆ ಸಾಮಾನು ಇಡುವ ಜಾಗ. ಈಗ ಅದು ಒಂದು ಗೇಣು ಎದ್ದು ನಿಂತುಬಿಟ್ಟಿದೆ. ಮೇಲೂ ಬರುತ್ತಿಲ್ಲ, ಕೆಳಗೂ ಸರಿಯಾಗಿ ಕೂರುತ್ತಿಲ್ಲ. ಜೋರಾಗಿ ಎಳೆದರೆ ಕಿರ್ ಅನ್ನುತ್ತದೆ. ಜಾಸ್ತಿ ಶಕ್ತಿಯ ಗ್ಯಾಸ್ ಸ್ಟ್ರಟ್ (ಮಂಚವನ್ನು ಮೇಲಕ್ಕೆ ತಳ್ಳುವ, ಗ್ಯಾಸ್ ತುಂಬಿದ ಕೊಳವೆ ಮತ್ತು ರಾಡ್) ಹಾಕಿ ಅಂತ ಯಾರೋ ಹೇಳಿದ್ದಾರೆ.

ಮೊದಲು ಎಳೆಯುವುದನ್ನು ನಿಲ್ಲಿಸಿ. ಸ್ಟ್ರಟ್ ವಿಷಯ ಆಮೇಲೆ ನೋಡೋಣ.

ನಾನೂ ಇಲ್ಲೇ ಇರುವವನು. ನಮ್ಮದೂ ಫಿಯೆಟ್ ಡುಕಾಟೋ ವ್ಯಾನ್ ಮೇಲೆ ಕಟ್ಟಿದ ಹಳೇ ಗಾಡಿ, ಅಂಥದ್ದೇ ಮಂಚ. ಸ್ಟ್ರಟ್ ಶಕ್ತಿ ಕಳೆದುಕೊಂಡರೆ ಮಂಚ ಭಾರವಾಗುತ್ತದೆ, ಕೈ ಬಿಟ್ಟರೆ ದಪ್ಪಂತ ಬೀಳುತ್ತದೆ, ಅಷ್ಟೇ. ನಡುವೆ ಸಿಕ್ಕಿಕೊಂಡಿದೆ ಅಂದರೆ ಹೆಚ್ಚಾಗಿ ಅದು ಓರೆಯಾಗಿದೆ ಅಂತ ಅರ್ಥ. ಎರಡು ಬದಿಯಲ್ಲಿ ಒಂದೊಂದು ಸ್ಟ್ರಟ್ ಇರುತ್ತದೆ. ಊರಲ್ಲಿ ಹೈಡ್ರಾಲಿಕ್ ಮಂಚಕ್ಕೆ ಹಾಕುತ್ತಾರಲ್ಲ, ಅದೇ. ಒಂದು ಬದಿಯದು ಸತ್ತರೆ ಅಥವಾ ಕಳಚಿಕೊಂಡರೆ ಇನ್ನೊಂದು ತನ್ನ ಪಾಡಿಗೆ ತಳ್ಳುತ್ತದೆ. ಚೌಕಟ್ಟು ತಿರುಚಿಕೊಂಡು ಗೋಡೆಗೋ ಕಪಾಟಿಗೋ ಕಚ್ಚಿಕೊಳ್ಳುತ್ತದೆ. ಎಳೆದಷ್ಟೂ ಇನ್ನೂ ಕಚ್ಚುತ್ತದೆ.

ಕಾಲಿನ ಕಡೆಯ ಎರಡು ಮೂಲೆಗೂ ಟೇಪ್ ಹಿಡಿದು ಅಳೆಯಿರಿ. ಯಾವ ಮೂಲೆ ಕೆಳಗಿದೆಯೋ ಆ ಬದಿಯಲ್ಲೇ ತೊಂದರೆ ಹುಡುಕಿ. ಇನ್ನೊಂದು ಮಾತು, ಗಾಡಿ ನಿಂತಿರುವುದು ಸಮತಟ್ಟು ಜಾಗದಲ್ಲಾ? ಒಂದು ಚಕ್ರ ತಗ್ಗಿನಲ್ಲಿದ್ದರೂ ಗಾಡಿಯ ಮೈ ಒಂಚೂರು ತಿರುಚುತ್ತದೆ. ಮಂಚಕ್ಕೂ ಗೋಡೆಗೂ ನಡುವೆ ಮೊದಲೇ ಸಂದು ಕಡಿಮೆ. ಸಮ ಜಾಗಕ್ಕೆ ಒಯ್ದು ಒಮ್ಮೆ ನೋಡಿ, ದುಡ್ಡೇನೂ ಖರ್ಚಿಲ್ಲ.

ಆಮೇಲೆ ಒಳಗೆ ಇಣುಕಬೇಕು. ಹಿಂದೆ ಮಂಚ ಇರುವ ಗಾಡಿಗಳಲ್ಲಿ ಕೆಳಗಿನ ಜಾಗಕ್ಕೆ ಹೊರಗಿನಿಂದಲೂ ಒಂದು ಬಾಗಿಲು ಇರುವುದೇ ಹೆಚ್ಚು. ಅದನ್ನು ತೆಗೆದು ಟಾರ್ಚ್ ಬಿಟ್ಟು ನೋಡಿ. ಬಾಗಿಲಿಲ್ಲದಿದ್ದರೆ ಹಾಸಿಗೆ ತೆಗೆಯಿರಿ. ಕೆಳಗೆ ಬಾಗಿದ ಮರದ ಪಟ್ಟಿಗಳಿದ್ದರೆ ಒಂದನ್ನು ನಡುವೆ ಹಿಡಿದು ಮೇಲಕ್ಕೆ ಬಗ್ಗಿಸಿ, ತುದಿ ರಬ್ಬರ್ ಹಿಡಿಕೆಯಿಂದ ಜಾರಿ ಬರುತ್ತದೆ. ಎರಡು ಮೂರು ಪಟ್ಟಿ ತೆಗೆದರೆ ಕೈ ಹೋಗುವಷ್ಟು ಜಾಗ. ಪಟ್ಟಿ ಬದಲು ಪ್ಲೈವುಡ್ ಹಲಗೆ ಇದ್ದರೆ ಗಾಳಿಗೆ ಅಂತ ಕೊರೆದ ತೂತುಗಳಿರುತ್ತವೆ. ಅದರ ಮೇಲೆ ಫೋನ್ ಕ್ಯಾಮೆರಾ ಇಟ್ಟು ನೋಡಬಹುದು. ಒಡೆಯುವ ಪ್ರಮೇಯವೇ ಬರುವುದಿಲ್ಲ.

ಆದರೆ ಇಲ್ಲಿ ಹುಷಾರು. ಹಾಸಿಗೆ ತೆಗೆದರೆ ಮಂಚದ ಭಾರ ಕಡಿಮೆಯಾಗುತ್ತದೆ, ಸ್ಟ್ರಟ್ ತಳ್ಳುವ ಬಲ ಮಾತ್ರ ಹಾಗೇ ಇರುತ್ತದೆ. ಸಿಕ್ಕಿಕೊಂಡದ್ದು ಬಿಟ್ಟ ಕ್ಷಣ ಮಂಚ ರಪ್ಪಂತ ಮೇಲೆದ್ದು ಮುಖಕ್ಕೆ ಹೊಡೆಯಬಹುದು. ಸಾಮಾನು ಬಿಗಿಯುವ ಬೆಲ್ಟ್ ಇದ್ದರೆ ಅಡ್ಡಲಾಗಿ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಒಬ್ಬರು ಮಂಚವನ್ನು ಮೇಲಿನಿಂದ ಕೆಳಕ್ಕೆ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಕೆಳಗೆ ಕೈ ಹಾಕಲಿ.

ನಮ್ಮ ಗಾಡಿಯಲ್ಲಿ ಆದದ್ದು ಹೇಳುತ್ತೇನೆ. ಸ್ಟ್ರಟ್‌ನ ತುದಿಯಲ್ಲಿ ಒಂದು ಬಟ್ಟಲಿನಂಥ ಭಾಗ ಇರುತ್ತದೆ, ಅದು ಗುಂಡು ತಲೆಯ ಬೋಲ್ಟ್ ಮೇಲೆ ಕೂರುತ್ತದೆ. ಅದು ಜಾರದ ಹಾಗೆ ಹಿಡಿಯುವುದು ಒಂದು ಸಣ್ಣ ತಂತಿ ಕ್ಲಿಪ್. ನಮ್ಮದರಲ್ಲಿ ಎಡಗಡೆಯ ಕ್ಲಿಪ್ ಕಳಚಿತ್ತು. ಸ್ಟ್ರಟ್ ಬೋಲ್ಟಿನಿಂದ ಇಳಿದು ಪಕ್ಕದ ಮರದ ಅಂಚಿಗೆ ಊರಿಕೊಂಡಿತ್ತು. ಎಳೆದಾಗಲೆಲ್ಲ ಅಲ್ಲೇ ಕೊರೆದು ಹೆಬ್ಬೆಟ್ಟು ಕೂರುವಷ್ಟು ಗುಳಿ ಮಾಡಿತ್ತು. ಒಂದು ವರ್ಕ್‌ಶಾಪಿನವರು ಫೋನಲ್ಲೇ ಕೇಳಿ ಚೌಕಟ್ಟೇ ಬದಲಿಸಬೇಕು ಅಂದಿದ್ದರು. ಹೊಸ ಕ್ಲಿಪ್ ಹಾಕಿದ ಮೇಲೆ ಇಂದಿಗೂ ಅದೇ ಸ್ಟ್ರಟ್ ಕೆಲಸ ಮಾಡುತ್ತಿದೆ.

ಕ್ಲಿಪ್ ಸರಿಯಿದ್ದರೆ ಹಿಂಜ್ ನೋಡಿ. ಗಾಡಿ ಹಗುರವಾಗಿರಲಿ ಅಂತ ಒಳಗೆಲ್ಲ ಮೆದು ಪ್ಲೈವುಡ್ ಹಾಕಿರುತ್ತಾರೆ. ಸ್ಕ್ರೂ ಅದರಿಂದ ಕಿತ್ತು ಬಂದರೆ ಹಿಂಜ್ ಒಂದು ಬೆರಳಷ್ಟು ಸರಿದು ಮಂಚ ಓರೆಯಾಗುತ್ತದೆ. ಉದ್ದದ ಸ್ಕ್ರೂ ಹಾಕಿದರೆ ಸ್ವಲ್ಪ ದಿನದಲ್ಲಿ ಅದೂ ಕಿತ್ತು ಬರುತ್ತದೆ. ಆರುಪಾರು ತೂತು ಕೊರೆದು, ಆಚೆ ಕಡೆ ಅಗಲ ವಾಷರ್ ಕೊಟ್ಟು ನಟ್ ಬೋಲ್ಟ್ ಹಾಕಿ. ಹಲಗೆಯ ಅಂಚು ಉಬ್ಬಿ ಮೆತ್ತಗಾಗಿದ್ದರೆ ಮಾತ್ರ ಚಿಂತೆ ಮಾಡಬೇಕಾದದ್ದು, ಕಿಟಕಿಯಿಂದಲೋ ಮೂಲೆಯಿಂದಲೋ ನೀರು ಇಳಿಯುತ್ತಿದೆ ಅಂತ ಅರ್ಥ. ಆಗ ಮಂಚದ ಕೆಲಸ ಬದಿಗಿಟ್ಟು ಮೊದಲು ನೀರು ನಿಲ್ಲಿಸಿ.

ಸ್ಟ್ರಟ್ಟೇ ಹೋಗಿದ್ದರೆ? ರಾಡ್ ಬಗ್ಗಿದ್ದರೆ ಅಥವಾ ಎಣ್ಣೆ ಸೋರಿ ಜಿಡ್ಡಾಗಿದ್ದರೆ ಅದು ಮುಗಿದ ಹಾಗೆ. ಮಂಚ ಎತ್ತಿ ಎರಡೂ ಕಡೆ ಗಟ್ಟಿ ಮರದ ತುಂಡು ಆಸರೆ ಕೊಟ್ಟ ಮೇಲೇ ಬಿಚ್ಚಿ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಕ್ಲಿಪ್ಪನ್ನು ಒಂಚೂರು ಎತ್ತಿದರೆ ಸಾಕು, ಬಟ್ಟಲು ಕಳಚಿ ಬರುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಮತ್ತೆ ಓರೆ ಎತ್ತುವುದೇ. ಹಳೆಯದನ್ನು ಮಾತ್ರ ಯಾವ ಕಾರಣಕ್ಕೂ ಕೊರೆಯಬೇಡಿ, ಬಿಸಿ ಮಾಡಬೇಡಿ. 8 ಮಿಲಿಮೀಟರ್ ರಾಡ್ ಇರುವ 600 ನ್ಯೂಟನ್ ಸ್ಟ್ರಟ್ ಒಳಗೆ ನೈಟ್ರೋಜನ್ ಸುಮಾರು 120 ಬಾರ್ ಒತ್ತಡದಲ್ಲಿರುತ್ತದೆ. ಕಾರಿನ ಟೈರ್‌ನಲ್ಲಿ ಇರುವುದು ಎರಡು ಎರಡೂವರೆ ಬಾರ್ ಅಷ್ಟೇ.

ಇನ್ನು ಜಾಸ್ತಿ ಶಕ್ತಿಯದು ಹಾಕುವ ಸಲಹೆ. ನನಗಂತೂ ಅದು ಒಪ್ಪಿಗೆಯಿಲ್ಲ. ಸ್ಟ್ರಟ್ ಕೊಳವೆ ಮೇಲೆ 600N, 800N ಹೀಗೆ ಬರೆದಿರುತ್ತದೆ. 600 ನ್ಯೂಟನ್ ಅಂದರೆ ಸುಮಾರು 61 ಕೆಜಿ ಭಾರ ಎತ್ತುವಷ್ಟು ಬಲ, ಅದೂ ಒಂದೊಂದು ಬದಿಗೆ. ಬಲ ಮಿತಿ ಮೀರಿದರೆ ಹಿಂಜ್‌ನ ಸ್ಕ್ರೂಗಳನ್ನೇ ಕೀಳುತ್ತದೆ. ಮಂಚ ಕೆಳಗೆ ಕೂರುವುದೂ ಇಲ್ಲ. ಇದ್ದ ನಂಬರೇ ತರಿಸಿ. ಬರಹ ಅಳಿಸಿದ್ದರೆ ಪೂರ್ತಿ ಚಾಚಿದಾಗಿನ ಉದ್ದವನ್ನು ಗುಂಡಿನ ನಡುವಿಂದ ಗುಂಡಿನ ನಡುವಿಗೆ ಅಳೆಯಿರಿ. ರಾಡ್ ಮತ್ತು ಕೊಳವೆಯ ದಪ್ಪವನ್ನೂ ಬರೆದುಕೊಳ್ಳಿ. ಹಾಸಿಗೆ ಸೇರಿ ಮಂಚದ ತೂಕ ಹೇಳಿದರೆ ಸ್ಟ್ರಟ್ ಮಾರುವವರು ಬಲ ಲೆಕ್ಕ ಹಾಕಿ ಕೊಡುತ್ತಾರೆ. ಚಳಿಗಾಲದಲ್ಲಿ ಮಂಚ ಸ್ವಲ್ಪ ಭಾರ ಅನ್ನಿಸಿದರೆ ಗಾಬರಿಯಾಗಬೇಡಿ. 20 ಡಿಗ್ರಿಯಲ್ಲಿರುವ ಬಲ ಸೊನ್ನೆ ಡಿಗ್ರಿಗೆ ನೂರಕ್ಕೆ 7ರಷ್ಟು ಇಳಿಯುತ್ತದೆ.

ಹೊಸದನ್ನು ಕೂರಿಸುವಾಗ, ಮಂಚ ಮುಚ್ಚಿದಾಗ ರಾಡ್ ಕೆಳಮುಖವಾಗಿ ಇರುವಂತೆ ನೋಡಿಕೊಳ್ಳಿ. ಆಗ ಒಳಗಿನ ಎಣ್ಣೆಯು ರಾಡ್ ಸುತ್ತಲಿನ ಸೀಲ್ ಮೇಲೆ ನಿಲ್ಲುತ್ತದೆ, ಸೀಲ್ ಒಣಗುವುದಿಲ್ಲ.

ಇವತ್ತು ರಾತ್ರಿ ಅದರ ಮೇಲೆ ಮಲಗಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಒಂದು ಗೇಣು ಎದ್ದು ನಿಂತ ಚೌಕಟ್ಟಿನ ಮೇಲೆ ಇಬ್ಬರು ಮಲಗಿದರೆ ಆ ಭಾರವೆಲ್ಲ ಸಿಕ್ಕಿಕೊಂಡ ಒಂದೇ ಜಾಗದ ಮೇಲೆ ಬೀಳುತ್ತದೆ. ಮುಂದಿನ ಸೀಟುಗಳನ್ನೇ ಹಾಸಿಗೆ ಮಾಡಿಕೊಳ್ಳಿ. ಬೆಳಗ್ಗೆ ಹೊರಬಾಗಿಲಿನಿಂದ ಎರಡೂ ಸ್ಟ್ರಟ್‌ಗಳ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.